ಮೂವತ್ತು ಮಾದರಿ, ಒಂದು ಮಳಿ

1899ರಲ್ಲಿ ಭಾರತ ಹವಾಮಾನ ಇಲಾಖೆಯ ಮುಖ್ಯಸ್ಥ ಜಾನ್ ಎಲಿಯಟ್ ಈ ಸಲದ ಮುಂಗಾರು ವಾಡಿಕೆಗಿಂತ ಚಲೋನೇ ಇರುತ್ತೆ ಅಂತ ಮುನ್ಸೂಚನೆ ಕೊಟ್ಟರು. ಮಳೆ ಕೈಕೊಟ್ಟಿತು. 1899–1900ರ ಬರ ಈ ದೇಶ ಕಂಡ ದೊಡ್ಡ ಬರಗಳಲ್ಲಿ ಒಂದಾಯಿತು. ಎಲಿಯಟ್ ಕಣ್ಣುಮುಚ್ಚಿ ಹೇಳಿದವರೇನಲ್ಲ. ಹಿಮಾಲಯದ ಹಿಮ, ಬೇಸಿಗೆಯಲ್ಲಿ ದೇಶದ ಹವೆ, ಹಿಂದೂ ಮಹಾಸಾಗರ ಮತ್ತು ಆಸ್ಟ್ರೇಲಿಯಾ ಕಡೆಯ ಸ್ಥಿತಿಗತಿ, ಇಷ್ಟನ್ನೂ ಲೆಕ್ಕಕ್ಕೆ ಹಿಡಿದಿದ್ದರು. ಇಂದಿನ ಮಾತಲ್ಲಿ ಹೇಳೋದಾದರೆ ಅವರ ಹತ್ತಿರ ಒಂದು ಮಾಡೆಲ್ ಇತ್ತು. ಅದನ್ನು ಎಷ್ಟು ನಂಬಬೇಕು ಅಂತ ಅಳೆಯೋ ಕೋಲು ಮಾತ್ರ ಇರಲಿಲ್ಲ.

ನನಗೆ ಈ ಅಳತೆಗೋಲಿನ ಇತಿಹಾಸದ ಹುಚ್ಚು ಹಿಡಿದು ಎರಡು ವರ್ಷ ಆಯ್ತು. ಹವಾಮಾನ ಮಾದರಿ ಕಟ್ಟಿದವರ ಕತೆ ಬೇಕಾದಷ್ಟು ಸಿಗುತ್ತವೆ. ಮಾದರಿಗಳಿಗೆ ಪರೀಕ್ಷೆ ಇಟ್ಟವರ ಕತೆ ಕಡಿಮೆ. ಕೋಡ್ ಬರೆದವನಿಗೆ ಸಿಗೋ ಹೆಸರು ಟೆಸ್ಟಿಂಗ್ ಮಾಡಿದವನಿಗೆ ಸಿಗಲ್ಲ ಅನ್ನೋದು ನಮ್ಮ ಆಫೀಸುಗಳಲ್ಲೂ ಗೊತ್ತಿರೋ ವಿಷಯವೇ. ಆದರೆ ಈ ಪರೀಕ್ಷೆ ಇಟ್ಟವರಲ್ಲಿ ಬಹಳ ಮುಖ್ಯವಾದ ಇಬ್ಬರು ಕೂತು ಕೆಲಸ ಮಾಡಿದ್ದು ಬೆಂಗಳೂರಿನಲ್ಲಿ, ನೀವು ದಿನಾ ಟ್ರಾಫಿಕ್ಕಲ್ಲಿ ನಿಲ್ಲೋ ಯಶವಂತಪುರದ ಪಕ್ಕದಲ್ಲೇ.

ಮೊದಲು ಸ್ವಲ್ಪ ಹಿಂದಕ್ಕೆ ಹೋಗೋಣ. ಹವಾಮಾನ ಇಲಾಖೆ ಹುಟ್ಟಿದ್ದು 1875ರಲ್ಲಿ. ಮರುವರ್ಷವೇ 1876–78ರ ಬರ ಶುರುವಾಯಿತು. ದಖ್ಖನಿನಲ್ಲಿ ಅದು ಮಾಡಿದ ಅನಾಹುತಕ್ಕೆ ಲೆಕ್ಕವಿಲ್ಲ. ಆಗ ನಮ್ಮ ವಿಜಯಪುರ ಕಲಾದಗಿ ಜಿಲ್ಲೆಯಲ್ಲಿತ್ತು. ಆ ಬರದ ನಂತರ ಬರಗಾಲಕ್ಕೆ ಧಾನ್ಯ ಸಾಗಿಸೋಕೆ ಅಂತಲೇ ಹಾಕಿದ ರೈಲು ಹಳಿ ಹೊಟಗಿ–ಗದಗ ಮಾರ್ಗ, 1884ರಲ್ಲಿ ತೆರೆಯಿತು. ಹಬ್ಬಕ್ಕೆ ಗೋಲಗುಂಬಜ್ ಎಕ್ಸ್‌ಪ್ರೆಸ್ ಹತ್ತಿ ಊರಿಗೆ ಹೋಗೋ ನಮ್ಮ ಕಡೆಯ ಟೆಕ್ಕಿಗಳೆಲ್ಲ ಹೋಗೋದು ಬರಗಾಲ ಹಾಕಿಸಿದ ಹಳಿ ಮೇಲೆ. ಅದೇ ಬರದ ಒತ್ತಡದಿಂದಲೇ ಇಲಾಖೆಯ ಮೊದಲ ಮುಖ್ಯಸ್ಥ ಹೆನ್ರಿ ಬ್ಲಾನ್‌ಫೋರ್ಡ್ ಮುಂಗಾರಿನ ಮುನ್ಸೂಚನೆಗೆ ಕೈಹಾಕಿದರು. ಹಿಮಾಲಯದಲ್ಲಿ ಹಿಮ ಹೆಚ್ಚು ಬಿದ್ದ ವರ್ಷ ಮುಂಗಾರು ಸೊರಗುತ್ತದೆ ಅನ್ನೋದು ಅವರ ಸೂತ್ರ. 1882ರಿಂದ ಪ್ರಾಯೋಗಿಕವಾಗಿ, 1886ರಿಂದ ಪ್ರತಿವರ್ಷ ಮುನ್ಸೂಚನೆ ಹೊರಟಿತು. ಹದಿಮೂರು ವರ್ಷಕ್ಕೆ ಎಲಿಯಟ್ ಮುಗ್ಗರಿಸಿದರು.

1904ರಲ್ಲಿ ಎಲಿಯಟ್ ಜಾಗಕ್ಕೆ ಬಂದ ಗಿಲ್ಬರ್ಟ್ ವಾಕರ್ ಹವಾಮಾನದವರಲ್ಲ, ಕೇಂಬ್ರಿಜ್ಜಿನ ಗಣಿತದವರು. ಅವರು ತಮ್ಮ ಗುಮಾಸ್ತರನ್ನು ಕೂರಿಸಿ ಲೋಕದ ಮೂಲೆಮೂಲೆಯ ಒತ್ತಡ, ಉಷ್ಣತೆ, ಮಳೆಯ ಅಂಕಿಗಳನ್ನು ಭಾರತದ ಮುಂಗಾರಿನ ಜೊತೆ ತಾಳೆ ಹಾಕಿಸಿದರು. ಎಲ್ಲವೂ ಕೈಲೆಕ್ಕ. ಆ ರಾಶಿಯಲ್ಲೇ ಅವರಿಗೆ ಶಾಂತಸಾಗರದ ಆಚೀಚಿನ ಒತ್ತಡದ ಏರಿಳಿತ ಸಿಕ್ಕಿತು. 'ಸದರ್ನ್ ಆಸಿಲೇಶನ್' ಅಂತ ಹೆಸರಿಟ್ಟರು. ಇಂದು ಟಿವಿಯವರು ಎಲ್ ನಿನೋ ಎಲ್ ನಿನೋ ಅಂತ ಕೂಗೋದರ ಇನ್ನರ್ಧ ಅದೇ. ಆದರೆ ನೂರಾರು ಅಂಕಿಸಾಲುಗಳನ್ನು ಒಂದಕ್ಕೊಂದು ತಾಳೆ ನೋಡಿದರೆ ಕೆಲವು ಬರೀ ಅದೃಷ್ಟಕ್ಕೂ ಹೊಂದುತ್ತವೆ. ಡೇಟಾ ಸೈನ್ಸ್ ಕೋರ್ಸ್ ಮಾಡಿದ ಯಾರನ್ನಾದರೂ ಕೇಳಿ, ಓವರ್‌ಫಿಟ್ಟಿಂಗ್ ಅಂತಾರೆ. ವಾಕರ್ ಇದನ್ನು ಅರಿತಿದ್ದರು. ಎಷ್ಟು ಸಾಲುಗಳಲ್ಲಿ ಹುಡುಕಿದ್ದೀರಿ ಅನ್ನೋದನ್ನೂ ಲೆಕ್ಕಕ್ಕೆ ಹಿಡಿಯಬೇಕು ಅಂತ ಆ ಕಾಲದಲ್ಲೇ ಬರೆದರು. ಅವರ ನಂತರದವರು ಆ ಎಚ್ಚರವನ್ನು ಅಷ್ಟಾಗಿ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ ಅಂತ ನನಗನ್ನಿಸುತ್ತೆ.

ಯಾಕಂದರೆ ಅದೇ ದಾರಿ 2002ರವರೆಗೂ ನಡೆಯಿತು. 1988ರಿಂದ ಇಲಾಖೆ ಹದಿನಾರು ಅಂಶಗಳ ಒಂದು ಸೂತ್ರ ಇಟ್ಟುಕೊಂಡಿತ್ತು. ವರ್ಷಗಟ್ಟಲೆ ಅದು ವಾಡಿಕೆ ಮಳೆ ಅಂದಿತು, ಮಳೆಯೂ ಹೆಚ್ಚುಕಡಿಮೆ ವಾಡಿಕೆಯಷ್ಟೇ ಆಗ್ತಾ ಬಂತು. 2002ರಲ್ಲಿ ಸೂತ್ರ ಹೇಳಿದ್ದು 101%. ದೇಶಕ್ಕೆ ಬಿದ್ದದ್ದು 81%. 2003ಕ್ಕೆ ಸೂತ್ರ ಬದಲಿಸಿದರು. 2004ರಲ್ಲಿ ಮತ್ತೆ ವಾಡಿಕೆ ಅಂದರು, ಮತ್ತೆ 13% ಕೊರತೆ. ಕರ್ನಾಟಕಕ್ಕೆ ಅದು ಸಾಲು ಬರದ ಕಾಲ. ಘೋಣಸಗಿಯಲ್ಲಿ ನಾನಾಗ ಹೈಸ್ಕೂಲ್ ಹುಡುಗ. ರೇಡಿಯೋದಲ್ಲಿ 'ವಾಡಿಕೆಯಷ್ಟು ಮಳೆ' ಅಂತ ಬಂದಾಗ ನಮ್ಮ ಅಜ್ಜ ಎಲೆ-ಅಡಿಕೆ ತುಪ್ಪಿ, "ವಾಡಿಕಿ ಅಂದ್ರ ಯಾರ ಮನಿ ವಾಡಿಕಿ?" ಅಂತ ಕೇಳ್ತಿದ್ದ. ಇದಕ್ಕಿಂತ ಚೊಕ್ಕಾಗಿ ಈ ಶಾಸ್ತ್ರದ ತೊಡಕನ್ನು ಹೇಳಿದವರನ್ನು ನಾನು ಇನ್ನೂ ನೋಡಿಲ್ಲ.

ಇನ್ನೊಂದು ದಾರಿ ಭೌತಶಾಸ್ತ್ರದ್ದು. ಹಳೇ ಅಂಕಿಗಳ ತಾಳೆ ಬಿಟ್ಟು, ಗಾಳಿ, ಶಾಖ, ತೇವ ಹೇಗೆ ಚಲಿಸುತ್ತವೆ ಅನ್ನೋ ಸಮೀಕರಣಗಳನ್ನೇ ಬಿಡಿಸೋದು. 1922ರಲ್ಲಿ ಲೂಯಿಸ್ ಫ್ರೈ ರಿಚರ್ಡ್‌ಸನ್ ಕೈಲೆಕ್ಕದಲ್ಲಿ ಇದನ್ನು ಮಾಡಿದ ಪುಸ್ತಕ ಹೊರತಂದರು. ಆರು ತಾಸಿನಲ್ಲಿ ವಾಯುಒತ್ತಡ 145 ಮಿಲಿಬಾರ್ ಬದಲಾಗುತ್ತೆ ಅಂತ ಉತ್ತರ ಬಂತು, ನಿಜಕ್ಕೂ ಅಂದು ಏನೂ ಆಗಿರಲಿಲ್ಲ. ಆ ತಪ್ಪು ಉತ್ತರವನ್ನು ಆತ ಮುಚ್ಚಿಡದೆ ಅಚ್ಚು ಹಾಕಿಸಿದ್ದಕ್ಕೇ ನನಗೆ ಆತನ ಮೇಲೆ ಪ್ರೀತಿ. 1950ರಲ್ಲಿ ಎನಿಯಾಕ್ ಕಂಪ್ಯೂಟರ್, 1956ರಲ್ಲಿ ನಾರ್ಮನ್ ಫಿಲಿಪ್ಸ್, 1967ರಲ್ಲಿ ಸ್ಯುಕುರೋ ಮನಾಬೆ: ಅಲ್ಲಿಂದ ಮುಂದೆ ಪ್ರತಿ ಮುಂದುವರಿದ ದೇಶಕ್ಕೂ ತನ್ನದೊಂದು ಮಾದರಿ ಬಂತು. ಮನಾಬೆಗೆ 2021ರಲ್ಲಿ ನೊಬೆಲ್ ಸಿಕ್ಕಿದ್ದು ನಿಮಗೆ ನೆನಪಿರಬಹುದು.

1980ರ ದಶಕ ಮುಗಿಯೋ ಹೊತ್ತಿಗೆ ಹತ್ತಾರು ಮಾದರಿಗಳು, ಹತ್ತಾರು ಉತ್ತರಗಳು. ಯಾವುದು ಸರಿ? ಆಗ ಅಮೆರಿಕದ ಲಾರೆನ್ಸ್ ಲಿವರ್‌ಮೋರ್ ಪ್ರಯೋಗಾಲಯದ ಲಾರೆನ್ಸ್ ಗೇಟ್ಸ್ ಮತ್ತು ಜೊತೆಯವರು 'ಏಮಿಪ್' ಅನ್ನೋ ಸಾಮೂಹಿಕ ಪರೀಕ್ಷೆ ಏರ್ಪಡಿಸಿದರು. ಉಪಾಯ ಸರಳ: 1979ರಿಂದ 1988ರವರೆಗೆ ಸಮುದ್ರದ ಮೇಲ್ಮೈ ಎಷ್ಟು ಬೆಚ್ಚಗಿತ್ತು ಅನ್ನೋ ಅಂಕಿಯನ್ನು ಎಲ್ಲರಿಗೂ ಒಂದೇ ರೀತಿ ಕೊಡೋದು. ಆ ಹತ್ತು ವರ್ಷದ ಗಾಳಿ-ಮಳೆಯನ್ನು ನಿಮ್ಮ ಮಾದರಿ ಹುಟ್ಟಿಸಲಿ, ನಿಜಕ್ಕೂ ಬಿದ್ದ ಮಳೆಗೆ ಹೋಲಿಸೋಣ. ಇನ್‌ಪುಟ್ ಒಂದೇ, ಔಟ್‌ಪುಟ್ ಎದುರುಬದುರು. ಸುಮಾರು ಮೂವತ್ತು ಮಾದರಿಗಳು ಪರೀಕ್ಷೆಗೆ ಕೂತವು.

ಇಲ್ಲಿ ನಮ್ಮ ಬೆಂಗಳೂರು ಬರುತ್ತೆ. ಐಐಎಸ್‌ಸಿಯ ಸುಲೋಚನಾ ಗಾಡ್ಗೀಳ್ ಮತ್ತು ಎಸ್. ಸಜನಿ ಆ ಮೂವತ್ತೂ ಉತ್ತರಪತ್ರಿಕೆಗಳನ್ನು ತರಿಸಿಕೊಂಡು ಮುಂಗಾರಿನ ಪ್ರಶ್ನೆಯೊಂದನ್ನೇ ತಿದ್ದಿದರು. 1998ರಲ್ಲಿ ಫಲಿತಾಂಶ ಅಚ್ಚಾಯಿತು. ನಾನು ಅದನ್ನು ಓದಿದ್ದು ಒಂದು ಶನಿವಾರ ರಾತ್ರಿ, ಬಿಟಿಎಂ ಲೇಔಟಿನ ಬಾಡಿಗೆ ಮನೆಯಲ್ಲಿ, ಅಡುಗೆ ಮನೆ ಬಲ್ಬಿನ ಕೆಳಗೆ, ಯಾಕಂದರೆ ಹಾಲಿನ ಟ್ಯೂಬ್‌ಲೈಟ್ ಕೆಟ್ಟಿತ್ತು.

ಮುಂಗಾರು ಅಂದರೆ ಭೂಮಿ ಕಾದು ಸಮುದ್ರದಿಂದ ಬೀಸೋ ದೊಡ್ಡದೊಂದು ತಂಗಾಳಿ ಅಂತ ನಾವು ಶಾಲೆಯಲ್ಲಿ ಓದಿದ್ದೇವೆ. ಗಾಡ್ಗೀಳ್ ಅವರು ಇದನ್ನು ಒಪ್ಪುತ್ತಿರಲಿಲ್ಲ. ಭೂಮಿ ಬಹಳ ಕಾಯೋದು ಮೇ ತಿಂಗಳಲ್ಲಿ, ಮಳೆ ಬಹಳ ಬೀಳೋದು ಜುಲೈ–ಆಗಸ್ಟ್‌ನಲ್ಲಿ. ಬರದ ವರ್ಷ ನೆಲ ಇನ್ನೂ ಬಿಸಿ ಇರುತ್ತೆ, ಮಳೆ ಇನ್ನೂ ಕಮ್ಮಿ. ಕಾವಿಗೇ ಮಳೆ ಬರೋದಾದರೆ ನಮ್ಮ ಘೋಣಸಗಿ ಮೇ ತಿಂಗಳಲ್ಲಿ ಕೊಚ್ಚಿಕೊಂಡು ಹೋಗಬೇಕಿತ್ತು! ಅವರ ಪ್ರಕಾರ ಮುಂಗಾರು ಅಂದರೆ ಸಮಭಾಜಕದ ಸುತ್ತ ಇರೋ ಮಳೆಯ ಪಟ್ಟಿ ಬೇಸಿಗೆಯಲ್ಲಿ ಉತ್ತರಕ್ಕೆ ಸರಿದು ನಮ್ಮ ನೆಲದ ಮೇಲೆ ಬಂದು ಕೂರೋದು.

ಹಾಗಾಗಿ ಅವರು ಮಾದರಿಗಳಿಗೆ ಕೇಳಿದ ಪ್ರಶ್ನೆ 'ಎಷ್ಟು ಮಿಲಿಮೀಟರ್' ಅನ್ನೋದಕ್ಕೇ ನಿಲ್ಲಲಿಲ್ಲ. 'ನಿನ್ನ ಪಟ್ಟಿ ಉತ್ತರಕ್ಕೆ ಸರಿಯುತ್ತಾ?' ಅಂತಲೂ ಕೇಳಿದರು. ಮೂವತ್ತರಲ್ಲಿ ಹನ್ನೊಂದು ಮಾದರಿ ಭಾರತದ ಮೇಲಿನ ಮಳೆಪಟ್ಟಿಯನ್ನು ಸುಮಾರಾಗಿ ಸರಿ ತೋರಿಸಿದವು. ಆದರೆ ಆ ಹನ್ನೊಂದರಲ್ಲಿ ಪಟ್ಟಿ ನಿಜವಾಗಿ ಸರಿದು ಬಂದು ಮಳೆ ಸುರಿಸಿದ್ದು ಐದರಲ್ಲಿ ಮಾತ್ರ. ಉಳಿದವುಗಳಲ್ಲಿ ದೊಡ್ಡ ಪಟ್ಟಿ ಸಮುದ್ರದ ಮೇಲೇ ಉಳಿದಿತ್ತು. ಭಾರತದ ಮೇಲಿನ ಮಳೆಗೆ ಬೇರೇನೋ ಸ್ಥಳೀಯ ಕಾರಣ. ನಮ್ಮ ಭಾಷೆಯಲ್ಲಿ, ಟೆಸ್ಟ್ ಪಾಸ್ ಆಗಿದೆ, ಲಾಜಿಕ್ ತಪ್ಪು. ಮುಂದಿನ ಸಂಗತಿ ಇನ್ನೂ ಮುಖ್ಯ. ಪಟ್ಟಿ ಸರಿಯಾಗಿ ಸರಿಯೋ ಗುಂಪಿನ ಮಾದರಿಗಳು ಯಾವ ವರ್ಷ ಬರ, ಯಾವ ವರ್ಷ ಸುಭಿಕ್ಷ ಅನ್ನೋದನ್ನೂ, ಅದರಲ್ಲೂ ಎಲ್ ನಿನೋಗೆ ಸಂಬಂಧಪಟ್ಟ ವರ್ಷಗಳನ್ನು, ಇನ್ನೊಂದು ಗುಂಪಿಗಿಂತ ಬಹಳ ಚೆನ್ನಾಗಿ ಹಿಡಿದವು. ಸರಾಸರಿಯನ್ನು ತಿದ್ದಿ ತೀಡಿ ಸರಿ ಮಾಡೋದಕ್ಕಿಂತ ಪಟ್ಟಿಯ ಚಲನೆಯನ್ನು ಸರಿ ಮಾಡಿ ಅಂತ ಅವರು ಬರೆದರು. ಇಪ್ಪತ್ತೈದು ವರ್ಷ ಕಳೆದರೂ ಮಾದರಿ ಆರಿಸೋ ಕೆಲಸದಲ್ಲಿ ಇದಕ್ಕಿಂತ ಒಳ್ಳೇ ಬುದ್ಧಿಮಾತು ನನಗೆ ಸಿಕ್ಕಿಲ್ಲ.

ಇದನ್ನೆಲ್ಲ ನಾನು ಓದೋಕೆ ಕಾರಣ ನನ್ನ ತಮ್ಮ. ತಿಕೋಟಾ ಭಾಗ ಈಗ ದ್ರಾಕ್ಷಿ ಸೀಮೆ. ನಮ್ಮದೂ ಎರಡು ಎಕರೆಗೆ ದ್ರಾಕ್ಷಿ ಹಾಕಬೇಕು ಅಂತ ಅವನ ಆಸೆ. ಕಲ್ಲಿನ ಕಂಬ, ತಂತಿ, ಹನಿ ನೀರಾವರಿ, ಎಲ್ಲಾ ಸೇರಿ ದೊಡ್ಡ ಸಾಲ. ಬಳ್ಳಿ ಹದಿನೈದು ವರ್ಷ ನಿಲ್ಲಬೇಕು. "ಅಣ್ಣಾ, ಇನ್ನ ಹದಿನೈದು ವರ್ಷದಾಗ ನಮ್ಮ ಕಡಿ ಮಳಿ ಹೆಂಗ ಆಗ್ತೈತಿ? ನಿನ್ನ ಕಂಪ್ಯೂಟರ್‌ನ್ಯಾಗ ಸಿಗ್ತೈತೇನು?" ಅಂತ ಫೋನ್ ಮಾಡಿದ. ಸಿಗುತ್ತೆ. ಸಮಸ್ಯೆ ಏನಂದರೆ ಬಹಳ ಸಿಗುತ್ತೆ.

ವಿಜಯಪುರಕ್ಕೆ ವರ್ಷಕ್ಕೆ ಸುಮಾರು 600 ಮಿ.ಮೀ. ಮಳೆ. ಜೂನ್‌ನಲ್ಲಿ ಒಂದಿಷ್ಟು, ಆಮೇಲೆ ಬರೀ ಗಾಳಿ ಮೋಡ, ಸೆಪ್ಟೆಂಬರ್‌ನಲ್ಲಿ ವರ್ಷದ ದೊಡ್ಡ ಮಳೆ. ಹುಬ್ಬಿ, ಉತ್ತರಿ, ಹಸ್ತ ಅಂತ ಹಿರಿಯರು ಬೆರಳೆಣಿಸೋದು ಇವನ್ನೇ. ಡೋಣಿ ಬೆಳೆದರೆ ಓಣೆಲ್ಲ ಜೋಳ ಅನ್ನೋ ಮಾತಿದೆಯಲ್ಲ, ಆ ಡೋಣಿ ಸಾಲಿನ ಎರೆಭೂಮಿಯ ಬಿಳಿಜೋಳ ನಿಂತಿರೋದು ಈ ಮಳೆಯ ಹಸಿಯ ಮೇಲೆ. ಅದೇ ಮಳೆ ಅಕ್ಟೋಬರ್ ಚಾಟ್ನಿ ಆದ ಮೇಲೂ ಮುಂದುವರಿದರೆ ದ್ರಾಕ್ಷಿಗೆ ಡೌನಿ ರೋಗ. ಒಂದೇ ಮಳೆ, ಪಕ್ಕದ ಹೊಲಕ್ಕೆ ವರ, ಈ ತೋಟಕ್ಕೆ ಶಾಪ. ಈಗ ಒಂದು ಮಾದರಿ ಸರಿಯಾಗಿ 600 ಮಿ.ಮೀ. ಕೊಟ್ಟು, ಎಲ್ಲವನ್ನೂ ಜುಲೈನಲ್ಲೇ ಸುರಿಸಿತು ಅಂದುಕೊಳ್ಳಿ. ವಾರ್ಷಿಕ ಸರಾಸರಿಯ ಪರೀಕ್ಷೆಯಲ್ಲಿ ಅದಕ್ಕೆ ಫಸ್ಟ್ ಕ್ಲಾಸ್. ನನ್ನ ತಮ್ಮನಿಗೆ ಅದು ನಾಲ್ಕಾಣೆಗೂ ಬೇಡ. 'ಒಳ್ಳೇ ಮಾದರಿ' ಅನ್ನೋದು ಇಲ್ಲ. ಯಾವ ಪ್ರಶ್ನೆಗೆ ಒಳ್ಳೇದು ಅಂತ ಕೇಳಬೇಕು.

ವಿಜಯಪುರದ ಕೃಷಿ ಸಂಶೋಧಕರಿಗೆ ಈ ಮಾತು ಹೊಸದಲ್ಲ. 1930ರ ದಶಕದಲ್ಲೇ ಸೊಲ್ಲಾಪುರ, ವಿಜಯಪುರ, ಹಗರಿ, ರಾಯಚೂರು, ರೋಹತಕ್‌ಗಳಲ್ಲಿ ಒಣಬೇಸಾಯದ ಕೇಂದ್ರಗಳು ಶುರುವಾದವು. ಒಂದೂರಿನ ಉತ್ತರ ಇನ್ನೊಂದೂರಿಗೆ ನಡೆಯಲ್ಲ ಅಂತಲೇ ಐದು ಕಡೆ.

ಮುಂದಿನ ತೊಡಕು ಚೌಕದ್ದು. ಜಾಗತಿಕ ಮಾದರಿ ಭೂಮಿಯನ್ನು ಚೌಕಗಳಾಗಿ ಕತ್ತರಿಸುತ್ತೆ, ಒಂದು ಚೌಕಕ್ಕೆ ಒಂದೇ ಮಳೆ. ಬ್ರಿಟನ್ನಿನ ಹೆಸರಾಂತ ಹ್ಯಾಡ್‌ಸಿಎಂ3 ಮಾದರಿಯ ಚೌಕ ನಮ್ಮ ಅಕ್ಷಾಂಶದಲ್ಲಿ ಸುಮಾರು 400 ಕಿ.ಮೀ. ಅಗಲ, 275 ಕಿ.ಮೀ. ಉದ್ದ. ರತ್ನಾಗಿರಿಯಿಂದ ಕಲಬುರಗಿವರೆಗೂ ಒಂದರಲ್ಲೇ ಹಿಡಿಸಬಹುದು. ವರ್ಷಕ್ಕೆ 5,500 ಮಿ.ಮೀ. ದಾಟೋ ಮಹಾಬಳೇಶ್ವರ, 600ರ ವಿಜಯಪುರ, ಎರಡಕ್ಕೂ ಒಂದೇ ಅಂಕಿ! ಅಂಥ ಮಾದರಿಯಲ್ಲಿ ಸಹ್ಯಾದ್ರಿ ಅನ್ನೋದೇ ಚಪ್ಪಟೆ ದಿಬ್ಬ; ಮಳೆನೆರಳು ಎಲ್ಲಿಂದ ಬರಬೇಕು? ಅದಕ್ಕೇ ಪ್ರಾದೇಶಿಕ ಮಾದರಿಗಳು ಬಂದವು. 'ಪ್ರೆಸಿಸ್' ಅನ್ನೋದನ್ನು ಪುಣೆಯ ಐಐಟಿಎಂ ಭಾರತಕ್ಕೆ 50 ಕಿ.ಮೀ. ಚೌಕಗಳಲ್ಲಿ ಓಡಿಸಿ 2006ರಲ್ಲಿ ಫಲಿತಾಂಶ ಕೊಟ್ಟಿತು. ಘಟ್ಟ ಕಂಡಿತು, ಮಳೆನೆರಳೂ ಕಂಡಿತು. ಆದರೆ ಪ್ರೆಸಿಸ್‌ಗೆ ಗಡಿಯಲ್ಲಿ ಗಾಳಿ ಊಡಿಸೋದು ದೊಡ್ಡ ಮಾದರಿಯೇ. ದೊಡ್ಡದರ ಪಟ್ಟಿ ಸಮುದ್ರದಲ್ಲೇ ನಿಂತಿದ್ದರೆ ಸಣ್ಣದು ಅದೇ ತಪ್ಪನ್ನು ಹೆಚ್ಚು ಚಂದವಾಗಿ, ಸಣ್ಣ ಸಣ್ಣ ಚೌಕಗಳಲ್ಲಿ ತೋರಿಸುತ್ತೆ ಅಷ್ಟೇ. ನಕ್ಷೆ ನುಣುಪಾದಷ್ಟೂ ನಾವು ಜಾಸ್ತಿ ನಂಬುತ್ತೇವೆ ಅನ್ನೋದು ಬೇರೆ ಕಾಯಿಲೆ.

2011ರಲ್ಲಿ ಎನ್.ಎಚ್. ರವೀಂದ್ರನಾಥ್ ಮೊದಲಾದವರು ಕರ್ನಾಟಕಕ್ಕಾಗಿ ಹವಾಮಾನ ಬದಲಾವಣೆಯ ಕ್ರಿಯಾ ಯೋಜನೆ ಬರೆದಾಗ ಆಧಾರವಾಗಿದ್ದು ಇದೇ ಹ್ಯಾಡ್‌ಸಿಎಂ3–ಪ್ರೆಸಿಸ್ ಜೋಡಿ. ರಾಜ್ಯದ ಮೊದಲ ಜಿಲ್ಲಾವಾರು ಚಿತ್ರಗಳಲ್ಲಿ ಅದು ಒಂದು. ಆ ಹೊತ್ತಿಗೆ ಕೈಯಲ್ಲಿದ್ದದ್ದೂ ಅದೇ. ಆದರೂ ಒಂದೇ ಮಾದರಿ, ಒಂದೇ ಸಾಕ್ಷಿ. ಮರುವರ್ಷ, 2012ರ ಅಕ್ಟೋಬರ್‌ನಲ್ಲಿ, ರಾಜೀವ್ ಚತುರ್ವೇದಿ, ಜಿ. ಬಾಲ, ರವೀಂದ್ರನಾಥ್ ಮತ್ತಿತರರು ಹೊಸ ತಲೆಮಾರಿನ 18 ಮಾದರಿಗಳನ್ನು ಒಟ್ಟಿಗೆ ಕೂರಿಸಿ 'ಕರೆಂಟ್ ಸೈನ್ಸ್'ನಲ್ಲಿ ಬರೆದರು. ಹದಿನೆಂಟರ ಸರಾಸರಿ ಯಾವ ಒಂಟಿ ಮಾದರಿಗಿಂತಲೂ ನಿಜದ ಹವೆಗೆ ಹತ್ತಿರ ಇತ್ತು. ಹೀಗೇ ನಡೆದರೆ ಕೈಗಾರಿಕಾ ಯುಗದ ಮುಂಚಿಗಿಂತ 2030ರ ದಶಕಕ್ಕೆ ಭಾರತ 1.7ರಿಂದ 2 ಡಿಗ್ರಿ, 2080ರ ದಶಕಕ್ಕೆ 3.3ರಿಂದ 4.8 ಡಿಗ್ರಿ ಬಿಸಿಯಾಗುತ್ತೆ. ಮಳೆ ಶತಮಾನದ ಕೊನೆಗೆ 6ರಿಂದ 14% ಏರುತ್ತೆ ಅಂತ ಲೆಕ್ಕ ಬಂತು.

ಸರಾಸರಿ ಯಾಕೆ ಗೆಲ್ಲುತ್ತೆ? ಒಬ್ಬೊಬ್ಬರು ಒಂದೊಂದು ದಿಕ್ಕಿಗೆ ತಪ್ಪಿದಾಗ ತಪ್ಪುಗಳು ಒಂದನ್ನೊಂದು ಹೊಡೆದುಹಾಕುತ್ತವೆ. ಆದರೆ ಎಲ್ಲರೂ ಒಬ್ಬನದನ್ನೇ ನೋಡಿ ಕಾಪಿ ಹೊಡೆದಿದ್ದರೆ? 2011ರಲ್ಲಿ ಮ್ಯಾಸನ್ ಮತ್ತು ರೆಟೊ ಕ್ನುಟ್ಟಿ ಅನ್ನೋರು ಮಾದರಿಗಳ ವಂಶವೃಕ್ಷವನ್ನೇ ಬಿಡಿಸಿದರು. ಬೇರೆ ಬೇರೆ ಹೆಸರಿನ ಹಲವು ಮಾದರಿಗಳು ಒಳಗೆ ಅಣ್ಣತಮ್ಮಂದಿರು, ಒಂದೇ ಕೋಡಿನ ಕವಲುಗಳು. ಗಿಟ್‌ಹಬ್ ನೋಡಿದ ನಮಗೆ ಇದರಲ್ಲಿ ಆಶ್ಚರ್ಯ ಏನಿಲ್ಲ, ಎಲ್ಲರೂ ಫೋರ್ಕ್ ಮಾಡೋರೇ. ಸಿಮಿಪ್6 ಅನ್ನೋ ಈಚಿನ ಜಾಗತಿಕ ಸುತ್ತಿಗೆ ಭಾರತದಿಂದ ಹೋದ ಮೊದಲ ಮಾದರಿ ಐಐಟಿಎಂ–ಇಎಸ್‌ಎಂ. ಅದರ ಬುನಾದಿಯೂ ಅಮೆರಿಕದ ಸಿಎಫ್‌ಎಸ್ ಮಾದರಿ. ಇದರಲ್ಲಿ ನಾಚಿಕೆಯ ವಿಷಯ ಏನಿಲ್ಲ. ಓಟು ಎಣಿಸುವಾಗ ಮಾತ್ರ ಒಂದೇ ಮನೆಯ ಐದು ಓಟು ಅನ್ನೋದು ಗೊತ್ತಿರಬೇಕು. 'ಒಂದು ಮಾದರಿ, ಒಂದು ಓಟು' ಸಾಕು ಮಾಡಿ ಅಂತ ಕ್ನುಟ್ಟಿ 2010ರಲ್ಲೇ ಚರ್ಚೆ ಎತ್ತಿದ್ದರು. ಸಿಮಿಪ್6ರಲ್ಲಿ ಕೆಲವು ಮಾದರಿಗಳು ವಿಪರೀತ ಬಿಸಿ ತೋರಿಸಿದಾಗ ಐಪಿಸಿಸಿಯೇ 2021ರ ವರದಿಯಲ್ಲಿ ನೇರ ಸರಾಸರಿ ಬಿಟ್ಟು ತೂಕ ಹಾಕಿ ಲೆಕ್ಕ ಮಾಡಿತು.

ನಮ್ಮಂಥ ಊರಿಗೆ ಸರಾಸರಿಯಿಂದ ಇನ್ನೊಂದು ಅಪಾಯ ಇದೆ. ಒಂದು ಮಾದರಿ ಮಳೆ 20% ಏರುತ್ತೆ ಅಂದಿತು, ಇನ್ನೊಂದು 20% ಇಳಿಯುತ್ತೆ ಅಂದಿತು ಅಂತ ಇಟ್ಟುಕೊಳ್ಳಿ. ಸರಾಸರಿ: ಏನೂ ಬದಲಾಗಲ್ಲ. ಎರಡೂ ಮಾದರಿ ಹೇಳದೇ ಇದ್ದ ಮಾತು ಅದೊಂದೇ! ಅದನ್ನೇ ನಂಬಿ ತಮ್ಮ ಸಾಲ ಮಾಡಿದರೆ? ಅದಕ್ಕೆ ನಾನು ಅವನಿಗೆ ಒಂದು ಅಂಕಿ ಹೇಳಲಿಲ್ಲ. ಪಟ್ಟಿ ಸರಿಯದ, ಸೆಪ್ಟೆಂಬರ್ ಮಳೆಯೇ ಕಾಣದ ಮಾದರಿಗಳನ್ನು ಮೊದಲು ತೆಗೆದುಹಾಕು, ಅಣ್ಣತಮ್ಮಂದಿರಲ್ಲಿ ಒಬ್ಬರನ್ನಷ್ಟೇ ಇಟ್ಟುಕೋ, ಉಳಿದವರಲ್ಲಿ ಅತಿ ಒಣ ಕತೆ ಹೇಳೋನು, ಅತಿ ಹಸಿ ಕತೆ ಹೇಳೋನು, ಇಬ್ಬರನ್ನೂ ಎದುರಿಗೆ ಕೂರಿಸಿ ಎರಡರಲ್ಲೂ ತೋಟ ಉಳಿಯುತ್ತಾ ನೋಡು ಅಂದೆ. "ಅಂದ್ರ ಎರಡೂ ಕಡಿ ಬೈಸಿಕೊಳ್ಳೋದು," ಅಂದ. ಹೌದು.

ಹೋಲಿಸೋಕೆ ನಿಜದ ಮಳೆಯ ಲೆಕ್ಕ ಬೇಕಲ್ಲ. ಹವಾಮಾನ ಇಲಾಖೆ 1901ರಿಂದೀಚಿನ ದಿನದಿನದ ಮಳೆಯನ್ನು 6,955 ಮಳೆಮಾಪನ ಕೇಂದ್ರಗಳ ಅಂಕಿಯಿಂದ ಕಾಲು ಡಿಗ್ರಿ ಚೌಕಗಳಲ್ಲಿ ಕೊಡುತ್ತೆ. ನಮ್ಮ ರಾಜ್ಯದ ವಿಪತ್ತು ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಮಳೆಮಾಪಕ ಇಟ್ಟಿದೆ. ಅದು ದೊಡ್ಡ ಆಸ್ತಿ, ಆದರೆ ಇನ್ನೂ ಎಳೆಯದು. ಮೂವತ್ತು ವರ್ಷದ ಹವೆ ಅಳೆಯೋಕೆ ಮೂವತ್ತು ವರ್ಷದ ಅಂಕಿಯೇ ಬೇಕು. ಹಳೆಯ ಅಂಕಿ ಹೇಳೋ ಒಂದು ಮಾತು ಮಾದರಿಗಳಿಗೆ ಮುಜುಗರದ್ದು. 1951ರಿಂದ 2015ರ ನಡುವೆ ದೇಶದ ಮುಂಗಾರು ಸುಮಾರು 6% ಇಳಿದಿದೆ, ಗಂಗಾ ಬಯಲಿನ ಜೊತೆಗೆ ಪಶ್ಚಿಮ ಘಟ್ಟದಲ್ಲೂ ಎದ್ದು ಕಾಣೋಹಾಗೆ. ಭೂವಿಜ್ಞಾನ ಸಚಿವಾಲಯದ 2020ರ ವರದಿ ಹೇಳೋದು ಇದು. ಮಾದರಿಗಳೋ, ಮುಂದೆ ಮಳೆ ಏರುತ್ತೆ ಅಂತಿವೆ. ಹೊಗೆ-ಧೂಳಿನ ಕಣಗಳು ಇಷ್ಟು ದಿನ ಮಳೆಯನ್ನು ಒತ್ತಿಹಿಡಿದಿದ್ದವು, ಅವು ಕಮ್ಮಿಯಾದರೆ ಬಿಸಿಯ ಪ್ರಭಾವ ಮೇಲುಗೈ ಆಗುತ್ತೆ ಅನ್ನೋದು ವಿವರಣೆ. ಇದ್ದೀತು. ಆದರೆ ಹಿಂದಿನ ಇಳಿತವನ್ನು ಬಹಳಷ್ಟು ಮಾದರಿಗಳು ತಾವಾಗಿ ತೋರಿಸಿಲ್ಲ ಅನ್ನೋದೂ ನಿಜ.

ಘಟ್ಟದ ಮಳೆ ನಮಗ್ಯಾಕೆ ಅಂತೀರಾ? ತುಬಚಿ–ಬಬಲೇಶ್ವರ ಏತ ನೀರಾವರಿ ಬಂದ ಮೇಲೆ ನಮ್ಮ ಭಾಗದ ಹೊಲಗಳ ಹಣೆಬರಹ ಕೃಷ್ಣೆಗೆ ಗಂಟುಬಿದ್ದಿದೆ. ಕೃಷ್ಣೆಯ ನೀರು ಹಂಚಿದ್ದು ಕೂಡ ಒಂದು ಮಾದರಿಯ ಮೇಲೇ. ಬಚಾವತ್ ನ್ಯಾಯಮಂಡಳಿ 1894–95ರಿಂದ 78 ವರ್ಷದ ಹರಿವು ಹಿಡಿದು, ನೂರರಲ್ಲಿ 75 ವರ್ಷ ಸಿಗೋ ನೀರು 2,060 ಟಿಎಂಸಿ ಅಂದಿತು. ಬ್ರಿಜೇಶ್ ಕುಮಾರ್ ನ್ಯಾಯಮಂಡಳಿ 1961–62ರಿಂದೀಚಿನ 47 ವರ್ಷ ಹಿಡಿಯಿತು. ಆ 47 ವರ್ಷದಲ್ಲೇ 75% ಭರವಸೆಗೆ 2,173 ಟಿಎಂಸಿ, 65% ಸಾಕು ಅಂದರೆ 2,293. ವ್ಯತ್ಯಾಸ 120 ಟಿಎಂಸಿ, ಹೆಚ್ಚುಕಡಿಮೆ ಆಲಮಟ್ಟಿ ಒಂದು ಸಲ ಇಂದಿನ ಮಟ್ಟಕ್ಕೆ ತುಂಬಿದಷ್ಟು ನೀರು, ಬರೀ ಶೇಕಡಾವಾರು ಬದಲಿಸಿದ್ದಕ್ಕೆ. ಎರಡೂ ಮಂಡಳಿಗಳ ಲೆಕ್ಕಕ್ಕೆ ಬುಡ ಒಂದೇ: ಹಿಂದೆ ಹರಿದ ಹಾಗೇ ಮುಂದೂ ಹರಿಯುತ್ತೆ.

ತಮ್ಮ ಎರಡೆಕರೆ ಆಸೆಯನ್ನು ಒಂದಕ್ಕೆ ಇಳಿಸಿ ಕಂಬ ನೆಟ್ಟ. ಉಳಿದದ್ದಕ್ಕೆ ಬಿಳಿಜೋಳ. ಈ ಕತೆಯನ್ನೆಲ್ಲ ದೀಪಾವಳಿಗೆ ಊರಿಗೆ ಹೋದಾಗ ಅಪ್ಪನಿಗೂ ಹೇಳಿದೆ. ಕೇಳಿ ಮುಗಿಸಿ ಅಪ್ಪ, "ಹಂಗಾದ್ರ ನಮ್ಮೂರಿಂದು ಬಿಡು, ಮಹಾಬಳೇಶ್ವರದಾಗ ಮಳಿ ಹೆಂಗ ಆಗ್ತೈತಿ ಅದನ್ನ ಮೊದಲ ನೋಡು," ಅಂದ. ಬೆಂಗಳೂರಿಗೆ ಬಂದ ಮೇಲೆ ಆ ಚೌಕದ ಅಂಕಿ ಇಳಿಸಿಕೊಳ್ಳೋಕೆ ಶುರುಮಾಡಿದ್ದೇನೆ.